ಭಾನುವಾರದ ಬಿಡುವು: ಪದ್ಮಿನಿಯ ಬಳೆ

ಸರಕಾರಿ ಕಚೇರಿಯ ಗುಮಾಸ್ತರಿಗೆ ಮೋಟಾರು ಗಾಡಿಯೇ ಎಂದು ಹುಬ್ಬೇರಿಸುವ ಓದುಗರಿಗೆ ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ: ಅದು ನಮ್ಮ ಸಂಪಾದನೆಯಲ್ಲ, ಪಿತ್ರಾರ್ಜಿತ. ನಮ್ಮ ತೀರ್ಥರೂಪರು 1989ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಾಟ್ 1100ರ ವಂಶ, ಹುಟ್ಟಿದ್ದು ಇಲ್ಲೇ ಕುರ್ಲಾದಲ್ಲಿ. ಅದರ ದಾಯಾದಿಗಳಾದ ಕಪ್ಪು-ಹಳದಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಗಳಿಂದ ಬೀಳ್ಕೊಂಡವು. ನಮ್ಮದು ಮನೆಯ ಗಾಡಿಯಾದ್ದರಿಂದ ಉಳಿದುಕೊಂಡಿದೆ.

ಪ್ರತಿ ದೀಪಾವಳಿಗೆ ನಾವು ಅದರಲ್ಲಿಯೇ ಧಾರವಾಡಕ್ಕೆ ಹೋಗುವುದು ವಾಡಿಕೆ. ಕಳೆದ ವರ್ಷ ಹಬ್ಬಕ್ಕೆ ಎರಡು ವಾರವಿದ್ದಾಗ, ಹಿಂದಿನ ಆಸನದಲ್ಲಿ ಕುಳಿತಿದ್ದ ನಮ್ಮ ತಾಯಿಯವರು, “ತಮ್ಮಾ, ನನ್ನ ಕಾಲಬುಡಕ್ಕ ಯಾರೋ ಬೀಸೂಕಲ್ಲು ತಿರುವಿಧಂಗ ಸಪ್ಪಳಾ ಕೇಳಸ್ತದಲ್ಲೋ” ಎಂದರು. ನಮಗೇನೂ ಕೇಳಿಸಿರಲಿಲ್ಲ. ಆದರೆ ಬೀಸುವ ಕಲ್ಲಿನ ವಿಷಯದಲ್ಲಿ ಅವರ ಕಿವಿಯನ್ನು ಅಲ್ಲಗಳೆಯುವ ಧೈರ್ಯ ನಮಗಿಲ್ಲ.

ಮರುದಿನ ಬೆಳಿಗ್ಗೆ ಒಬ್ಬರೇ ಓಡಿಸಿ ನೋಡಿದೆವು. ವೇಗ ಹೆಚ್ಚಿದಂತೆ ಗುಂಯ್ ಎನ್ನುವ ಸದ್ದೂ ಏರುತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಅದರ ದನಿ ಬದಲಾಗಲಿಲ್ಲ. ಹಾಗೆ ಬದಲಾಗಿದ್ದರೆ ಡಿಫರೆನ್ಷಿಯಲ್ಲಿನ ಹಲ್ಲುಗಳ ಮೇಲೆ ಅನುಮಾನ ಪಡಬೇಕಿತ್ತು. ಬಲಕ್ಕೆ ತಿರುಗಿದಾಗ ಗಾಡಿಯ ಭಾರ ಎಡಕ್ಕೆ ವಾಲಿ ಸದ್ದು ಜೋರಾಯಿತು. ಜ್ಯಾಕು ಕೊಟ್ಟು, ಎಡಹಿಂಭಾಗದ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಕಟಕಟ ಎಂದಿತು. ಅಲ್ಲಿಗೆ ರೋಗ ತಿಳಿಯಿತು: ಆಕ್ಸೆಲ್ ಬೇರಿಂಗು ಸವೆದಿದೆ.

ಶನಿವಾರ ನಾಗದೇವಿ ಸ್ಟ್ರೀಟಿಗೆ ಹೋಗಿ ಬೇರಿಂಗನ್ನೂ ಆಯಿಲ್ ಸೀಲನ್ನೂ ತಂದೆವು. ಭಾನುವಾರ ಕಟ್ಟಡದ ಅಂಗಳವೇ ನಮ್ಮ ಕಾರ್ಖಾನೆ. ಡ್ರಮ್ಮು ಬರಬೇಕಾದರೆ ಹ್ಯಾಂಡ್‌ಬ್ರೇಕು ಬಿಡಬೇಕು. ಅದು ಹಿಡಿಯುವುದೇ ಹಿಂದಿನ ಗಾಲಿಗಳನ್ನು. ಆದ್ದರಿಂದ ಮುಂದಿನ ಗಾಲಿಗಳಿಗೆ ಇಟ್ಟಿಗೆ ಕೊಟ್ಟು, ಜ್ಯಾಕನ್ನು ನಂಬದೆ ಗಟ್ಟಿ ಸ್ಟ್ಯಾಂಡಿನ ಮೇಲೆ ಗಾಡಿಯನ್ನು ಇಳಿಸಿದೆವು. ಗಾಲಿ, ಡ್ರಮ್ಮು ಕಳಚಿ, ಹಿಂದಿನ ನಾಲ್ಕು ನಟ್ಟು ಬಿಚ್ಚಿ ಎಳೆದಾಗ ಆಕ್ಸೆಲ್ ಶಾಫ್ಟು ಬೇರಿಂಗಿನ ಸಮೇತ ಹೊರಗೆ ಬಂತು.

ಬೇರಿಂಗಿನ ಒಳಮಗ್ಗುಲಿಗೆ ಒಂದು ಉಕ್ಕಿನ ಕಾಲರು ಇರುತ್ತದೆ. ಅದು ಬಿಗಿಯಾಗಿರುವ ಕಾರಣ ಡ್ರಿಲ್ಲಿನಿಂದ ಅರೆತೂತು ಮಾಡಿ ಉಳಿಯಿಂದ ಸೀಳಬೇಕು ಎಂದು ಕೇಳಿದ್ದೆವು. ನಮ್ಮ ಕೈಗುಣ ನೋಡಿ! ಕೊಳವೆಯೊಂದನ್ನು ಆನಿಸಿ ನಾಲ್ಕು ಏಟು ಹಾಕಿದೆವು. ಸೀಳುವ ಪ್ರಮೇಯವೇ ಇಲ್ಲದೆ ಇಡಿಯಾಗಿ ಜಾರಿ ಬಂತು. ಹೊಸ ಕಾಲರು ಕೊಳ್ಳುವ ಖರ್ಚೂ ಉಳಿಯಿತೆಂದು ಹಿಗ್ಗಿದೆವು.

ಚಹಾ ತಂದ ನಮ್ಮ ಮನೆಯವರು ಅದನ್ನು ಬೆರಳಲ್ಲಿ ತಿರುಗಿಸಿ, “ಈ ಬಳಿ ಯಾತಕ್ಕರೀ?” ಎಂದರು.

“ಶಾಫ್ಟು ಹೊರಗ ಬರದಂಗ ಹಿಡಿಯೂದಕ್ಕ.”

“ಮತ್ತ ಬಳೀನ್ನ ಹಿಡಿಯೂದು ಯಾವುದು?”

“ಅದರ ಬಿಗೀನ.”

“ನೀವು ನಾಕು ಏಟಿಗೆ ತೆಗದ್ರೆಲ್ಲಾ, ಆ ಬಿಗೀ ಏನ್ರೀ? ಅತ್ತಿಯವರು ಕೂಡೂದು ಈ ಗಾಲಿ ಮ್ಯಾಲೇ.”

ನಮ್ಮ ಕೈಯಲ್ಲಿದ್ದ ಚಹಾ ಆರಿತು. ಲಾರಿಗಳಲ್ಲಿ ಗಾಲಿಯ ಹಬ್ಬು ಆಕ್ಸೆಲ್ ಕೊಳವೆಯ ಮೇಲೆ ಕುಳಿತಿರುತ್ತದೆ. ಶಾಫ್ಟು ತೆಗೆದರೂ ಗಾಲಿ ನಿಂತಿರುತ್ತದೆ. ಪದ್ಮಿನಿಯಲ್ಲಿ ಹಾಗಲ್ಲ. ಶಾಫ್ಟೇ ಭಾರ ಹೊರಬೇಕು, ಶಾಫ್ಟೇ ಗಾಲಿಯನ್ನು ತಿರುಗಿಸಬೇಕು. ತಿರುವಿನಲ್ಲಿ ಗಾಲಿ ಹೊರಕ್ಕೆ ಜಗ್ಗಿದಾಗ ತಡೆಯುವುದು ಈ ಕಾಲರೊಂದೇ. ಅದು ಜಾರಿದರೆ ಗಾಲಿಯೂ ಶಾಫ್ಟೂ ಜೊತೆಯಾಗಿಯೇ ಗಾಡಿಯನ್ನು ಬಿಟ್ಟು ಹೋಗುತ್ತವೆ. ಅದು ಖಂಬಾಟ್ಕಿ ಘಾಟಿನಲ್ಲಿ ಆಗಿದ್ದರೆ? ಮುಂದಿನದನ್ನು ಯೋಚಿಸಲು ಮನಸ್ಸಾಗಲಿಲ್ಲ.

ಸೋಮವಾರ ಅರ್ಧ ದಿನದ ರಜೆ ಹಾಕಿ, ಶಾಫ್ಟನ್ನು ಗೋಣಿಯಲ್ಲಿ ಸುತ್ತಿಕೊಂಡು ಕುರ್ಲಾದ ಲೇತ್ ಅಂಗಡಿಗೆ ಹೋದೆವು. ಅಲ್ಲಿಯ ಮುದುಕ ಕಾಕಾ ನಮ್ಮ ಪರಾಕ್ರಮವನ್ನು ಕೇಳಿ ನಗಲಿಲ್ಲ. “ಸಾಹೇಬರೇ, ಇದು ಸುಲಭವಾಗಿ ಬಂದದ್ದೇ ಇದರ ದೋಷ. ಹಿಂದೆ ಯಾರೋ ಹಳೆಯದನ್ನೇ ಮತ್ತೆ ಹಾಕಿದ್ದಾರೆ. ಒಮ್ಮೆ ತೆಗೆದ ಕಾಲರನ್ನು ಮತ್ತೆ ಹಾಕಬಾರದು” ಎಂದರು. ಯಾರು ಹಾಕಿದರೋ ತಿಳಿಯದು. ಆದರೆ ನಾವೂ ಅದನ್ನೇ ಮಾಡಲು ಹೊರಟಿದ್ದೆವಲ್ಲ!

ಮೈಕ್ರೊಮೀಟರು ಹಿಡಿದು ಶಾಫ್ಟು ಸವೆದಿಲ್ಲವೆಂದು ಕಾಕಾ ಖಚಿತಪಡಿಸಿಕೊಂಡರು. ಸವೆದಿದ್ದರೆ ಹೊಸ ಕಾಲರೂ ವ್ಯರ್ಥ. ಹತ್ತಿರದ ಸಿ.ಎಸ್.ಟಿ. ರಸ್ತೆಯಲ್ಲಿ ಹೊಸ ಕಾಲರು ಸಿಕ್ಕಿತು. ಬೇರಿಂಗನ್ನು ಪ್ರೆಸ್ಸಿನಲ್ಲಿ ಕೂರಿಸುವಾಗ ಒತ್ತಡ ಒಳಬಳೆಯ ಮೇಲೆ ಮಾತ್ರ ಬೀಳುವಂತೆ ನೋಡಿಕೊಂಡರು. ಹೊರಬಳೆಯನ್ನು ಒತ್ತಿದರೆ ಗುಂಡುಗಳಿಗೆ ಪೆಟ್ಟಾಗಿ ಹೊಸ ಬೇರಿಂಗು ಅಲ್ಲಿಯೇ ಹಳೆಯದಾಗುತ್ತದೆ. ಕಾಲರಿನ ಒಳಸುತ್ತು ಶಾಫ್ಟಿಗಿಂತ ಕೂದಲೆಳೆಯಷ್ಟು ಚಿಕ್ಕದು. ಅದನ್ನೊಂದನ್ನೇ ಕಾಯಿಸಿ, ಹಿಗ್ಗಿದೊಡನೆ ಇಕ್ಕಳದಿಂದ ಜಾರಿಸಿ ಬೇರಿಂಗಿಗೆ ಆನಿಸಿದರು. ನೀರು ಹಾಕಲಿಲ್ಲ, ತಾನಾಗಿ ಆರಲು ಬಿಟ್ಟರು. ಆರಿದ ಮೇಲೆ ಅದು ಹಿಡಿಯುವ ಹಿಡಿತವನ್ನು ಬಿಡಿಸಲು ಟನ್ನುಗಟ್ಟಲೆ ಒತ್ತಡ ಬೇಕು.

ಉಳಿದದ್ದು ನಮ್ಮ ಕೆಲಸ. ಸೀಲಿನ ತುಟಿಯನ್ನು ಎಣ್ಣೆಯ ಕಡೆಗೆ ಮಾಡಿ ಕೂರಿಸಿದೆವು. ಎಣ್ಣೆ ಕುಡಿದಿದ್ದ ಬ್ರೇಕ್ ಶೂಗಳನ್ನು ಎರಡೂ ಬದಿಗೆ ಬದಲಾಯಿಸಿ, ಆಕ್ಸೆಲ್ಲಿನ ಎಣ್ಣೆಯ ಮಟ್ಟ ನೋಡಿದೆವು. ಐವತ್ತು ಕಿಲೋಮೀಟರು ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿದೆವು. ಮುಂದಿನ ಭಾನುವಾರ ಬಲಗಡೆಯದನ್ನೂ ಬಿಚ್ಚಿದೆವು. ಅದರ ಕಾಲರು ನಮ್ಮ ಸುತ್ತಿಗೆಗೆ ಮಿಸುಕಲಿಲ್ಲ. ಅಷ್ಟು ಸಂತೋಷ ಕೊಟ್ಟ ಸೋಲು ನಮಗೆ ಮತ್ತೊಂದಿಲ್ಲ.

ಸ್ವಂತ ಕೈಯಿಂದ ಗಾಡಿ ರಿಪೇರಿ ಮಾಡಬಾರದೆಂದು ನಾವು ಹೇಳುವುದಿಲ್ಲ. ಬಿಚ್ಚಿರಿ, ತೊಳೆಯಿರಿ, ಕಲಿಯಿರಿ. ಆದರೆ ಬಿಗಿಯಾಗಿರಬೇಕಾದದ್ದು ಸಡಿಲವಾಗಿ ಬಂದರೆ ಅದನ್ನು ಕೈಗುಣವೆಂದು ಭ್ರಮಿಸಬೇಡಿರಿ. ಪ್ರೆಸ್ಸಿನ ಕೆಲಸವನ್ನು ಪ್ರೆಸ್ಸಿರುವವರಿಗೆ ಬಿಡಿರಿ.

ಹಬ್ಬಕ್ಕೆ ಹೊರಟೆವು. ಘಾಟು ದಾಟುವವರೆಗೆ ನಮ್ಮ ಕಿವಿಯೆಲ್ಲ ಎಡಹಿಂಭಾಗದ ಗಾಲಿಯ ಮೇಲೆಯೇ ಇತ್ತು. ಸಾತಾರಾ ಸಮೀಪಿಸಿದಾಗ ತಾಯಿಯವರನ್ನು ಕೇಳಿದೆವು, “ಅವ್ವಾ, ಬೀಸೂಕಲ್ಲು ಕೇಳಸ್ತದೇನು?”

ಉತ್ತರ ಬರಲಿಲ್ಲ. ಹಿಂತಿರುಗಿ ನೋಡಿದ ಮನೆಯವರು, “ಮೆಲ್ಲಕ ಮಾತಾಡ್ರೀ, ಮಲಗ್ಯಾರ” ಎಂದರು.