ಗುಜರಿಯ ಪೀಠ

ಪೀಠವೆಂಬುದು ನಮ್ಮ ಕಾವ್ಯಗಳಲ್ಲಿ ಸಾಮಾನ್ಯ ವಸ್ತುವಲ್ಲ. ಅದನ್ನು ಏರಿದವನ ಗುಣ ಕೆಡುವುದನ್ನೂ, ಅದರಿಂದ ಇಳಿದವನ ಗುಣ ಬೆಳಗುವುದನ್ನೂ ನಾನು ಹತ್ತು ವರ್ಷಗಳಿಂದ ತರಗತಿಯಲ್ಲಿ ಪಾಠ ಹೇಳುತ್ತ ಬಂದಿದ್ದೇನೆ. ಆದರೆ ಪೀಠವೊಂದನ್ನು ಸ್ವತಃ ಮಾಡಿಸುವ ಪ್ರಸಂಗ ಒದಗಿದಾಗ, ಅದಕ್ಕೆ ಮೂರು ಕಾಲಿರಬೇಕೋ ನಾಲ್ಕಿರಬೇಕೋ ಎಂಬಷ್ಟೂ ನನಗೆ ತಿಳಿಯದೆಂಬ ಸತ್ಯ ಹೊರಬಿದ್ದಿತು. ಕನ್ನಡ ಎಂ.ಎ. ಪದವಿಯ ಪಠ್ಯಕ್ರಮದಲ್ಲಿ ಈ ವಿಷಯಕ್ಕೆ ಎಡೆಯಿಲ್ಲ.

ನಾನು ಮಾಡಿಸಹೊರಟಿದ್ದು ಬಂದೂಕಿನಿಂದ ಗುರಿ ಹೊಡೆಯುವವನೊಬ್ಬನು ಕುಳಿತುಕೊಳ್ಳುವ ಪೀಠ. ಅವನು ನನ್ನ ಹಳೆಯ ವಿದ್ಯಾರ್ಥಿ, ಕೊಡಗಿನ ಹುಡುಗ. ಅವನ ಊರಿನಲ್ಲಿ ಪ್ರತಿವರ್ಷ ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಪೂಜಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಆ ಕಾಯಿಗಳನ್ನು ಒಡೆದು ಒಡೆದು ಪಳಗಿದ ಕೈಯನ್ನು ಕಾಲೇಜಿನ ಎನ್.ಸಿ.ಸಿ.ಗೂ ತಂದಿದ್ದನು. ಪದವಿ ಮುಗಿಸಿ ಊರಿಗೆ ಹೋದವನು, ಸಿಲ್ವರ್ ಓಕ್ ಮರಕ್ಕೆ ಏಣಿಯಿಟ್ಟು ಮೆಣಸು ಕೊಯ್ಯುವಾಗ ಜಾರಿ ಬಿದ್ದನು. ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಚಲನೆಯೂ ಹೋಯಿತು, ಸ್ಪರ್ಶಜ್ಞಾನವೂ ಹೋಯಿತು. ಚಿಕಿತ್ಸೆಯ ಅನುಕೂಲಕ್ಕಾಗಿ ತಾಯಿ ಮಗ ಇಬ್ಬರೂ ಮೈಸೂರಿಗೆ ಬಂದು ನಮ್ಮ ಬೀದಿಯಲ್ಲಿಯೇ ಮನೆ ಹಿಡಿದರು.

ಎರಡು ವರ್ಷ ಅವನು ಕಿಟಕಿಯ ಬಳಿ ಸುಮ್ಮನೆ ಕುಳಿತಿರುವುದನ್ನು ನೋಡುತ್ತ ಕಾಲೇಜಿಗೆ ಹೋಗಿ ಬಂದೆ. ಒಂದು ಸಂಜೆ ಅವನೇ ನನ್ನನ್ನು ಕೂಗಿ ಕರೆದು ಮೊಬೈಲ್ ಫೋನಿನಲ್ಲಿ ಒಂದು ಚಿತ್ರವನ್ನು ತೋರಿಸಿದನು. ರಾಜಸ್ಥಾನದ ಅವನಿ ಲೇಖರಾ ಗಾಲಿಕುರ್ಚಿಯನ್ನೇ ಆಶ್ರಯಿಸಿದ ತರುಣಿ. 2021ರಲ್ಲಿ ಟೋಕಿಯೋದ ಪ್ಯಾರಾಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಚಿನ್ನವನ್ನು ಗೆದ್ದವರು, 2024ರಲ್ಲಿ ಪ್ಯಾರಿಸ್ಸಿನಲ್ಲಿ ಅದೇ ಚಿನ್ನವನ್ನು ಮತ್ತೊಮ್ಮೆ ಗೆದ್ದರು. ಹುಡುಗ ಪದಕದ ಕಡೆ ಬೆರಳು ತೋರಿಸಲಿಲ್ಲ. “ಸಾರ್, ಅವರು ಕೂತಿರೋ ಆಸನ ನೋಡಿ” ಎಂದನು.

ಗಾಲಿಕುರ್ಚಿಯಲ್ಲಿಯೇ ಕುಳಿತು ಹೊಡೆಯಬಾರದೇಕೆ ಎಂದು ಕೇಳಿದೆ. ಅವನು ಕಾಗದ ಪೆನ್ಸಿಲ್ ತೆಗೆದುಕೊಂಡು ನನಗೇ ಪಾಠ ಹೇಳಿದನು. ಹತ್ತು ಮೀಟರ್ ದೂರದ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್; ಅಂದರೆ ಸಾಸಿವೆಕಾಳಿಗಿಂತ ಸಣ್ಣದು. ಅದರ ಸುತ್ತಣ ಒಂದೊಂದು ವೃತ್ತವೂ ಎರಡೂವರೆ ಮಿಲಿಮೀಟರಿನಷ್ಟು ಹೊರಗೆ. ನೋಟದ ಹಿಂದಿನ ಕಿಂಡಿಗೂ ಮುಂದಿನ ತುದಿಗೂ ನಡುವೆ ಎಂಬತ್ತು ಸೆಂಟಿಮೀಟರ್ ಇದ್ದರೆ, ತುದಿ ಒಂದೇ ಒಂದು ಮಿಲಿಮೀಟರ್ ಅಲುಗಿದರೂ ಗುಂಡು ಗುರಿಯಲ್ಲಿ ಹನ್ನೆರಡೂವರೆ ಮಿಲಿಮೀಟರ್ ಸರಿಯುತ್ತದೆ. ಹತ್ತು ಆರಾಗುತ್ತದೆ! ಗಾಲಿಕುರ್ಚಿಯ ಚಕ್ರದ ರಬ್ಬರು ಮೆತ್ತಗೆ, ಕೂರುವ ಬಟ್ಟೆ ತೊಟ್ಟಿಲಿನಂತೆ ಜೋಲು, ತೋಳುಗಳು ಮೊಣಕೈಗೆ ಅಡ್ಡ. ಉಸಿರಾಡಿದರೂ ಅದು ಅಲುಗುತ್ತದೆ. ಕೊಳ್ಳೋಣವೆಂದರೆ ಅಂಥ ಆಸನದ ಬೆಲೆ ಅವರ ಕೈಗೆ ಎಟಕುವಂತಿರಲಿಲ್ಲ. ಸೋದರಮಾವ ಕೊಡಿಸಿದ ಏರ್ ರೈಫಲ್ ಒಂದಿತ್ತು, ಅಷ್ಟೆ.

ಹೀಗೆ ನಾನು ಗುಜರಿ ಅಂಗಡಿಯ ಗಿರಾಕಿಯಾದೆ. ಹಳೆಯ ಪುಸ್ತಕವನ್ನಲ್ಲದೆ ಬೇರೇನನ್ನೂ ಹುಡುಕಿ ಅಭ್ಯಾಸವಿಲ್ಲದ ನನ್ನನ್ನು ಕಂಡು ಅಂಗಡಿಯ ಸಾಬರು, “ಮೇಷ್ಟ್ರೇ, ಪೇಪರ್ ರಾಶಿ ಆ ಕಡೆ” ಎಂದರು. ವಿಷಯ ತಿಳಿದ ಮೇಲೆ ಅವರೇ ಎದ್ದು ಬಂದು ಆಯ್ದುಕೊಟ್ಟರು: ಆಸ್ಪತ್ರೆಯ ಹಳೆಯ ಮಂಚದ ಕೊಳವೆಗಳು, ಶಾಲೆಯ ಮುರಿದ ಬೆಂಚಿನ ಕಬ್ಬಿಣದ ಪಟ್ಟಿ, ಟ್ರ್ಯಾಕ್ಟರಿನ ಕಬ್ಬಿಣದ ಸೀಟು, ಒಂದು ಹಿಡಿ ಬೋಲ್ಟು. ತೂಗಿದರೆ ಮೂವತ್ತೊಂದು ಕಿಲೋ.

ಬೆಸುಗೆಯ ಮೇಸ್ತ್ರಿಯಿಂದ ನಾನು ಕಲಿತದ್ದು ಬಹಳ. ನಾಲ್ಕು ಕಾಲಿನ ಮಣೆ ಒರಟು ನೆಲದ ಮೇಲೆ ಕುಂಟುತ್ತದೆ. ಮೂರು ಕಾಲಿನದು ಕುಂಟಲಾರದು, ಏಕೆಂದರೆ ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ಆದರೆ ಮೂರು ಕಾಲಿನದು ಪಕ್ಕಕ್ಕೆ ಬೇಗ ಮಗುಚುತ್ತದೆ. ಆದುದರಿಂದ ಕಾಲುಗಳನ್ನು ಚೆನ್ನಾಗಿ ಅಗಲಿಸಬೇಕು. ಸತುವಿನ ಲೇಪವಿದ್ದ ಕೊಳವೆಗಳನ್ನು ಬೆಸೆಯುವ ಜಾಗದಲ್ಲೆಲ್ಲ ಮೇಸ್ತ್ರಿ ಮೊದಲು ಉಜ್ಜಿ ತೆಗೆದರು. ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆಂದು ಅವರು ಹೇಳಿದರು. ಬಾಯಿ ತೆರೆದು ಹತ್ತಿರ ನಿಂತಿದ್ದ ನಾನು ಹತ್ತು ಹೆಜ್ಜೆ ಹಿಂದೆ ಸರಿದೆ.

ಪೀಠ ಭಾರವಾಗಿದ್ದಷ್ಟೂ ನಿಶ್ಚಲವಲ್ಲವೇ? ಕಾಲಿನ ಕೊಳವೆಗಳಲ್ಲಿ ಮರಳು ತುಂಬುವ ಆಲೋಚನೆ ನನ್ನದು. ಮೇಸ್ತ್ರಿ ಒಪ್ಪಿದರು, ಆದರೆ ಎರಡು ಷರತ್ತು ಹಾಕಿದರು. ತುಂಬುವುದು ಬೆಸುಗೆಯೆಲ್ಲ ಮುಗಿದ ಮೇಲೆ. ಅಲ್ಲಿಯವರೆಗೆ ಪ್ರತಿ ಕೊಳವೆಗೂ ಒಂದು ರಂಧ್ರ ಇದ್ದೇ ಇರಬೇಕು. ಎಲ್ಲ ಕಡೆಯೂ ಮುಚ್ಚಿದ ಕೊಳವೆಗೆ ಬೆಂಕಿ ತಾಗಿದರೆ ಒಳಗಿನ ಗಾಳಿ, ತೇವ ಎಲ್ಲ ಉಬ್ಬಿ ಸಿಡಿಯುತ್ತವೆ. ಎರಡನೆಯದಾಗಿ, ಒಳಗಿಂದ ತುಕ್ಕು ತಿನ್ನದಂತೆ ಮರಳು ಪೂರ್ತಿ ಒಣಗಿರಬೇಕು. ಅದು ಮಳೆಗಾಲ. ನನ್ನಾಕೆ ತವರಿಗೆ ಹೋಗಿದ್ದ ದಿನ ನೋಡಿ ಮರಳನ್ನು ಅವಳ ಬಾಣಲೆಯಲ್ಲಿ ಹುರಿದೆ. ಅವಳು ಹಿಂತಿರುಗಿ ಬಂದು ಹಾಕಿದ ಮೊದಲ ಒಗ್ಗರಣೆಯಲ್ಲಿಯೇ ಆ ಸಂಗತಿ ಬಯಲಾಯಿತು.

ಅವರ ಮನೆಯ ಪಕ್ಕದ ಓಣಿಯಲ್ಲಿ ಹತ್ತು ಮೀಟರ್ ಅಳೆದೆವು. ತುದಿಯಲ್ಲಿ ಗೋಡೆ, ಅದರ ಮುಂದೆ ಉಕ್ಕಿನ ಹಲಗೆ, ಅದರ ಮುಂದೆ, ಗುಂಡು ಪುಟಿದು ಬಾರದಂತೆ, ಮರಳು ತುಂಬಿದ ಮರದ ಪೆಟ್ಟಿಗೆ. ಓಣಿಗೆ ತೆರೆಯುವ ಬಾಗಿಲು ಒಂದೇ, ಅದೂ ಹೊಡೆಯುವವನ ಬೆನ್ನ ಹಿಂದೆ. ಕಣ್ಣಿಗೆ ಕನ್ನಡಕ, ಸೀಸದ ಗುಂಡು ಮುಟ್ಟಿದ ಕೈಯನ್ನು ತೊಳೆಯದೆ ಕಾಫಿ ಲೋಟ ಹಿಡಿಯಬಾರದೆಂದು ತಾಯಿಯ ಕಟ್ಟಪ್ಪಣೆ.

ಮೊದಲ ದಿನ ಪೀಠ ಬಂಡೆಯಂತೆ ನಿಂತಿತು. ಹುಡುಗ ಎರಡು ಗಂಟೆ ಕೆಳಗಿಳಿಯಲಿಲ್ಲ. ಮಾರನೆಯ ದಿನವೂ ಹಾಗೆಯೇ. ಅವನು ನಗುವುದನ್ನು ಬಹು ದಿನಗಳ ಮೇಲೆ ಕಂಡೆ. ನನ್ನ ಹೆಮ್ಮೆಗೆ ಮಿತಿಯಿರಲಿಲ್ಲ.

ಮೂರನೆಯ ಸಂಜೆ ತಾಯಿ ಬಾಗಿಲಿಗೆ ಬಂದು ನಿಂತರು. ಮಗನ ಮೈ ಒರೆಸುವಾಗ ಕುಂಡೆಯ ಕೆಳಗೆ ಕೆಂಪಗಿನ ಬರೆ ಕಂಡಿತಂತೆ. ಒತ್ತಿದರೂ ಬಣ್ಣ ಮಾಸುವುದಿಲ್ಲವಂತೆ. ವೈದ್ಯರ ಬಳಿಗೆ ಹೋಗುವಷ್ಟರಲ್ಲಿ ಚರ್ಮ ಒಡೆದಿತ್ತು. ಸೀಟಿಗೆ ಹೊದಿಸಿದ ತೆಳುವಾದ ರೆಕ್ಸಿನ್ ಕೆಳಗೆ ಬೆಸುಗೆಯ ಒಂದು ಗೆಣ್ಣು ಉಳಿದಿತ್ತು. ನಾನಾಗಿದ್ದರೆ ಅರ್ಧ ನಿಮಿಷದಲ್ಲಿ ಮಿಸುಕಾಡಿ ಎದ್ದುಬಿಡುತ್ತಿದ್ದೆ. ಅವನಿಗೆ ಅಲ್ಲಿ ಸ್ಪರ್ಶವೇ ಇಲ್ಲ. ನೋವೆಂಬ ಕಾವಲುಗಾರನಿಲ್ಲದ ದೇಹದಲ್ಲಿ ಒತ್ತಿದ ಜಾಗಕ್ಕೆ ರಕ್ತ ಹರಿಯದೆ ಮಾಂಸ ಸದ್ದಿಲ್ಲದೆ ಸಾಯುತ್ತದೆ. ಅಂಥ ಹುಣ್ಣು ಎಲುಬಿನವರೆಗೂ ಇಳಿಯಬಲ್ಲದು, ನಂಜೇರಿ ಪ್ರಾಣವನ್ನೂ ತೆಗೆಯಬಲ್ಲದು ಎಂದು ವೈದ್ಯರು ನನ್ನ ಮುಖ ನೋಡಿಕೊಂಡೇ ಹೇಳಿದರು. ಬಂದೂಕು ಅಲುಗಬಾರದೆಂದು ನಾನು ಒಂದು ತಿಂಗಳು ಯೋಚಿಸಿದ್ದೆ. ಅದರ ಮೇಲೆ ಕೂರುವವನೊಬ್ಬನಿದ್ದಾನೆಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ.

ಆರು ವಾರ ಹುಡುಗ ಬೋರಲು ಮಲಗಬೇಕಾಯಿತು. ತಪ್ಪೊಪ್ಪಿಕೊಳ್ಳಲು ಮಾತು ಕೂಡಿಸಿಕೊಂಡು ಹೋದೆ. ಅವನು ದಿಂಬಿನ ಮೇಲೆ ಮೊಣಕೈಯೂರಿ, “ಬೇಜಾರ್ ಮಾಡ್ಕೋಬೇಡಿ ಸಾರ್, ಪ್ರೋನ್ ಪೊಸಿಷನ್ ಅಭ್ಯಾಸ ನಡೀತಾ ಇದೆ” ಎಂದನು. ಅವನ ತಾಯಿ ಮಾತ್ರ ನಗಲಿಲ್ಲ. ಕಾಫಿ ಕೊಟ್ಟರು, ಮಾತಾಡಲಿಲ್ಲ. ಅದು ನ್ಯಾಯವೇ ಆಗಿತ್ತು.

ಎರಡನೆಯ ಪೀಠದ ಯಜಮಾನಿಕೆ ಆ ತಾಯಿಯದಾಯಿತು. ಟ್ರ್ಯಾಕ್ಟರಿನ ಸೀಟು ಗುಜರಿಗೇ ಮರಳಿತು. ಅಗಲವಾದ ತಟ್ಟೆ, ಮಡಿಸಿದ ಅಂಚು, ನಯವಾಗಿ ಅರೆದ ಬೆಸುಗೆ. ಆಕೆ ಪ್ರತಿಯೊಂದು ಸಂದಿಯ ಮೇಲೂ ಹಳೆಯ ರೇಷ್ಮೆ ಬಟ್ಟೆಯ ತುಂಡನ್ನು ಎಳೆದು ನೋಡಿದರು. ನೂಲು ಸಿಕ್ಕಿಕೊಂಡ ಕಡೆಯೆಲ್ಲ ಮೇಸ್ತ್ರಿ ಮತ್ತೆ ಅರೆಯಬೇಕಾಯಿತು. ವೈದ್ಯರು ಸೂಚಿಸಿದ ದಪ್ಪನೆಯ ಮೆತ್ತೆಗೆ ನನ್ನಾಕೆ, ಬಾಣಲೆಯನ್ನು ಕ್ಷಮಿಸಿ, ಹೊದಿಕೆ ಹೊಲಿದಳು. ಹುಡುಗನ ಕಾಲುಗಳು ಒಮ್ಮೊಮ್ಮೆ ತಾವಾಗಿಯೇ ಸೆಳೆದು ಅದುರುವುದುಂಟು. ಅದಕ್ಕಾಗಿ ಪಾದದ ಹಲಗೆ, ಮೆತ್ತನೆಯ ಬಟ್ಟೆಯ ಪಟ್ಟಿ. ಕೊಳವೆಯೊಳಗೆ ಕೊಳವೆ ಸೇರಿಸಿ ಎತ್ತರವನ್ನು ಏರಿಸಿ ಇಳಿಸುವ ಬೋಲ್ಟು. ಮೆತ್ತೆಯಿಂದಾಗಿ ಪೀಠ ಮೊದಲಿನಷ್ಟು ನಿಶ್ಚಲವಾಗಿರಲಿಲ್ಲವೆಂಬುದು ನಿಜ. ಅಷ್ಟನ್ನು ತನ್ನ ಬೆನ್ನಿನಿಂದ ಸರಿದೂಗಿಸಿಕೊಳ್ಳುತ್ತೇನೆಂದು ಹುಡುಗನೇ ಒಪ್ಪಿಕೊಂಡನು.

ಬೆನ್ನೊರಗು ಎಷ್ಟೆತ್ತರವಿರಬೇಕೆಂಬುದಕ್ಕೂ ನಿಯಮವುಂಟು. ಮುಂಡದ ಮೇಲೆ ಹಿಡಿತವಿದ್ದವರಿಗೆ ಒರಗೇ ಇಲ್ಲ. ಹಿಡಿತ ಕಡಿಮೆಯಾದಂತೆ ಒರಗಿನ ಎತ್ತರ ಹೆಚ್ಚುತ್ತದೆ. ಅದನ್ನು ನಿಶ್ಚಯಿಸುವವರು ವರ್ಗೀಕರಣದ ಪರೀಕ್ಷಕರು. ಆದುದರಿಂದ ಇಂಥ ಮನೆಯ ಪೀಠ ಅಭ್ಯಾಸಕ್ಕೆ ಸಾಕೇ ಹೊರತು ಅಧಿಕೃತ ಸ್ಪರ್ಧೆಗೆ ಹಾಗೆಯೇ ಸಲ್ಲದು. ಈ ಕೆಲಸಕ್ಕೆ ಕೈಹಾಕುವ ವಾಚಕರು ಯಾರಾದರೂ ಇದ್ದರೆ ಮೊದಲು ವೈದ್ಯರನ್ನು ಕಾಣಲಿ, ಆಮೇಲೆ ಗುಜರಿ ಅಂಗಡಿಗೆ ಹೋಗಲಿ. ನಾನು ಹೋದದ್ದು ತಿರುಗುಮುರುಗಾಗಿ.

ಈಗ ಓಣಿಯ ಗೂಡಿನಲ್ಲಿ ಒಂದು ಅಲಾರಂ ಗಡಿಯಾರವಿದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಅದು ಬಡಿದುಕೊಳ್ಳುತ್ತದೆ. ಒಡನೆ ಹುಡುಗ ಬಂದೂಕನ್ನು ಕೆಳಗಿಟ್ಟು, ಎರಡೂ ಕೈಗಳನ್ನು ಪಕ್ಕಕ್ಕೆ ಊರಿ ಮೈಯನ್ನು ಮೇಲೆತ್ತಿ ಹಿಡಿಯುತ್ತಾನೆ. ಸೋತಾಗ ಒಂದೊಂದು ಬದಿಗೆ ವಾಲಿ ವಿಶ್ರಮಿಸುತ್ತಾನೆ. ಗುರಿ ಕಣ್ಣಿಗೆ ಕಟ್ಟಿದ್ದರೂ ಸರಿಯೇ, ಬೆರಳು ಕುದುರೆಯ ಮೇಲಿದ್ದರೂ ಸರಿಯೇ, ಬಂದೂಕು ಇಳಿಯಲೇಬೇಕು. ರಾತ್ರಿ ತಾಯಿ ಚರ್ಮವನ್ನು ಪರೀಕ್ಷಿಸುತ್ತಾರೆ. ಚುಕ್ಕೆ ಕಂಡರೆ ಮರುದಿನ ಅಭ್ಯಾಸವಿಲ್ಲ. ಆ ತೀರ್ಪಿಗೆ ಮೇಲ್ಮನವಿಯೂ ಇಲ್ಲ.

ಹೊಸ ಪೀಠದ ಮೇಲಿನ ಮೊದಲ ಹತ್ತು ಗುಂಡುಗಳಲ್ಲಿ ಅವನು ಗಳಿಸಿದ್ದು ಅರವತ್ತೆಂಟು ಅಂಕ. ಪ್ಯಾರಿಸ್ಸಿಗೆ ಇದು ಬಹಳ ದೂರ. ಆದರೂ ಗುಜರಿಯ ಸಾಬರು ಆ ಕಾಗದವನ್ನು ನೋಡಲೆಂದೇ ಅಂಗಡಿ ಮುಚ್ಚಿ ಬಂದರು, ಪೀಠದ ಕಾಲುಗಳನ್ನು ಬೆರಳಿನಿಂದ ತಟ್ಟಿ, “ಇದು ನಮ್ಮ ಆಸ್ಪತ್ರೆ ಮಂಚ ಅಲ್ವೇ?” ಎಂದು ಗುರುತು ಹಿಡಿದರು. “ಅಂಥದ್ದರ ಮೇಲೆ ಏಳು ತಿಂಗಳು ಮಲಗಿದ್ದೆ ಸಾಬರೇ” ಎಂದನು ಹುಡುಗ, “ಈಗ ಕೂತಿದ್ದೇನೆ.”

ಅಷ್ಟರಲ್ಲಿ ಅಲಾರಂ ಬಡಿಯಿತು. ಒಳಗಿನಿಂದ ಆ ತಾಯಿ, “ಮೇಷ್ಟ್ರೇ, ಅವನು ಎದ್ದನೋ ಇಲ್ಲವೋ ನೋಡಿ; ಕಾಫಿ ತರುತ್ತಿದ್ದೇನೆ” ಎಂದರು. ಆರು ವಾರಗಳ ಮೌನದ ನಂತರ ಆಕೆ ನನ್ನನ್ನು ನಂಬಿ ಒಪ್ಪಿಸಿದ ಮೊದಲ ಕೆಲಸವದು. ನಾನು ಗಡಿಯಾರವನ್ನು ಕೈಯಲ್ಲಿ ಹಿಡಿದು ಎರಡು ನಿಮಿಷಗಳನ್ನು ಕ್ಷಣಕ್ಷಣವಾಗಿ ಎಣಿಸಿದೆ.