ರಾಕ್ ರಾಜಧಾನಿಗೆ ಒಂದು ಮೈದಾನವಿಲ್ಲ

ಬೆಂಗಳೂರಿನ ಹೆವಿ ಮೆಟಲ್ ಅಭಿಮಾನಿಯೊಬ್ಬನನ್ನು ಮಾತಿಗೆಳೆದರೆ ಎರಡು ದಿನಾಂಕಗಳು ತಪ್ಪದೆ ಬರುತ್ತವೆ. ಒಂದು, 2007ರ ಮಾರ್ಚ್ 17. ಇನ್ನೊಂದು, 2011ರ ಅಕ್ಟೋಬರ್ 30. ಮೊದಲನೆಯದು ಲಂಡನ್ನಿನ ಐರನ್ ಮೇಡನ್ ತಂಡ ಅರಮನೆ ಮೈದಾನದಲ್ಲಿ ನುಡಿಸಿದ ಶನಿವಾರ. ಎರಡನೆಯದು ಅಮೆರಿಕದ ಮೆಟಾಲಿಕಾ ಅದೇ ಮೈದಾನಕ್ಕೆ ಬಂದ ಭಾನುವಾರ. ಮಾರ್ಚ್ 17ರ ಆ ರಾತ್ರಿ ದೇಶದ ಬಹುಪಾಲು ಜನ ಟಿ.ವಿ. ಮುಂದೆ ಕುಳಿತು, ವಿಶ್ವಕಪ್ ಕ್ರಿಕೆಟ್‌ನಲ್ಲಿ ಭಾರತ ತಂಡ ಬಾಂಗ್ಲಾದೇಶಕ್ಕೆ ಸೋಲುವುದನ್ನು ನೋಡುತ್ತಿದ್ದರು. ಅರಮನೆ ಮೈದಾನದಲ್ಲಿದ್ದವರಿಗೆ ಆ ಸೋಲಿನ ನೆನಪಿಲ್ಲ. ಅವರಿಗೆ ನೆನಪಿರುವುದು ಕೆಂಪು ಧೂಳು, ಕಟ್ಟಿದ ಗಂಟಲು ಮತ್ತು ಮೂರು ಗಿಟಾರ್‌ಗಳು ಒಟ್ಟಿಗೆ ಎತ್ತಿದ ಸ್ವರ.

ಅಂದು ಕಾಲೇಜಿನಲ್ಲಿದ್ದವರು ಇಂದು ನಲವತ್ತರ ಆಸುಪಾಸಿನಲ್ಲಿದ್ದಾರೆ. ಅವರ ಈ ನೆನಪುಗಳನ್ನು ಹರೆಯದ ಹುಚ್ಚೆಂದು ತಳ್ಳಿಹಾಕುವುದು ಸುಲಭ. ಆದರೆ 2025ರ ಜೂನ್ 4ರ ನಂತರ ಅವಕ್ಕೆ ಬೇರೊಂದು ಬೆಲೆ ಬಂದಿದೆ. ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ವಿಜಯೋತ್ಸವದ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನಡೆದ ಕಾಲ್ತುಳಿತದಲ್ಲಿ 11 ಮಂದಿ ಅಸುನೀಗಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣ ಮಸೂದೆಯನ್ನು ವಿಧಾನಸಭೆಯಲ್ಲಿ ಮಂಡಿಸಿತು. ಅನುಮತಿ, ಹೊಣೆ, ಶಿಕ್ಷೆಗಳ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ಆದರೆ ಗುಂಪಿನ ನಡುವೆ ನಿಂತು ಕ್ಷೇಮವಾಗಿ ಮನೆಗೆ ಮರಳಿದ ಸಾವಿರಾರು ಜನರ ಅನುಭವವನ್ನು ಕೇಳಿದವರು ವಿರಳ. ಈ ನಗರದಲ್ಲಿ ಅಂಥ ಅನುಭವದ ದೊಡ್ಡ ಭಂಡಾರವಿರುವುದು ರಾಕ್ ಸಂಗೀತದ ಅಭಿಮಾನಿಗಳಲ್ಲಿ.

ಕ್ಯಾಸೆಟ್ಟಿನಿಂದ ಮೈದಾನಕ್ಕೆ

ಬೆಂಗಳೂರಿಗೆ 'ರಾಕ್ ರಾಜಧಾನಿ' ಎಂಬ ಬಿರುದನ್ನು ಯಾವ ಸರ್ಕಾರವೂ ಕೊಡಲಿಲ್ಲ. ಅದು ಕೇಳುಗರು ಕಟ್ಟಿದ ಹೆಸರು. ತೊಂಬತ್ತರ ದಶಕದಲ್ಲಿ ಒಬ್ಬರಿಂದ ಒಬ್ಬರಿಗೆ ನಕಲಾಗಿ ಸಾಗುತ್ತಿದ್ದ ಕ್ಯಾಸೆಟ್ಟುಗಳು, ರೆಸ್ಟ್ ಹೌಸ್ ರಸ್ತೆಯ ಪೆಕೋಸ್‌ನಂತಹ ಪಬ್ಬುಗಳು, ಕಾಲೇಜು ಉತ್ಸವಗಳ ಸ್ಪರ್ಧೆಗಳು, 1993ರಲ್ಲಿ ಅಲಹಾಬಾದಿನಿಂದ ಹೊರಟ 'ರಾಕ್ ಸ್ಟ್ರೀಟ್ ಜರ್ನಲ್' ಪತ್ರಿಕೆ, 1996ರಲ್ಲಿ ಆರಂಭವಾದ ಫ್ರೀಡಂ ಜಾಮ್ ಎಂಬ ಉಚಿತ ಸಂಗೀತ ಕೂಟ, ಇವೆಲ್ಲ ಸೇರಿ ಒಂದು ಕೇಳುಗ ಸಮುದಾಯವನ್ನು ರೂಪಿಸಿದ್ದವು. ವಿದೇಶಿ ತಂಡಗಳು ಬರುವ ಹೊತ್ತಿಗೆ ಹಾಡುಗಳೆಲ್ಲ ಇಲ್ಲಿಯವರಿಗೆ ಬಾಯಿಪಾಠವಾಗಿದ್ದವು.

ನಂತರ ನಡೆದದ್ದು ಒಂದು ದಶಕದ ಸುಗ್ಗಿ. 2001ರಲ್ಲಿ ಡೀಪ್ ಪರ್ಪಲ್, 2002ರಲ್ಲಿ ಪಿಂಕ್ ಫ್ಲಾಯ್ಡ್ ಖ್ಯಾತಿಯ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರ ಜೂನ್‌ನಲ್ಲಿ ಏರೋಸ್ಮಿತ್, 2008ರ ಮಾರ್ಚ್‌ನಲ್ಲಿ ಮೆಗಾಡೆತ್ ಮತ್ತು ಮಷೀನ್ ಹೆಡ್, 2009ರ ಫೆಬ್ರುವರಿಯಲ್ಲಿ ಮತ್ತೆ ಐರನ್ ಮೇಡನ್. ಇವೆಲ್ಲಕ್ಕೂ ನೆಲೆಯಾದದ್ದು ಅರಮನೆ ಮೈದಾನವೇ.

ಈ ಪೈಕಿ 2007ರ ಮಾರ್ಚ್ ಕಾರ್ಯಕ್ರಮಕ್ಕೆ ವಿಶೇಷ ಸ್ಥಾನವಿದೆ. ಅದುವರೆಗೆ ಭಾರತಕ್ಕೆ ಬರುತ್ತಿದ್ದ ದೊಡ್ಡ ರಾಕ್ ತಂಡಗಳಲ್ಲಿ ಹೆಚ್ಚಿನವು ತಮ್ಮ ಉಚ್ಛ್ರಾಯ ಕಾಲವನ್ನು ದಾಟಿದ್ದವು. ಐರನ್ ಮೇಡನ್ ಹಾಗಲ್ಲ. 1975ರಲ್ಲಿ ಹುಟ್ಟಿದ ತಂಡವಾದರೂ ಆಗಷ್ಟೇ ಹೊಸ ಆಲ್ಬಂ ತಂದು, ಅದರ ಪ್ರವಾಸದ ಭಾಗವಾಗಿಯೇ ಇಲ್ಲಿಗೆ ಬಂದಿತ್ತು. ಅಂದು ಮೊದಲು ನುಡಿಸಿದ ದೆಹಲಿಯ ಪರಿಕ್ರಮ ತಂಡ ಅದೇ ವರ್ಷ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದ ವೇದಿಕೆಯೇರಿತು. ಮರುವರ್ಷ, 2008ರ ಫೆಬ್ರುವರಿಯಲ್ಲಿ ಮೇಡನ್ ತನ್ನ ವಿಶ್ವ ಪ್ರವಾಸವನ್ನು ಮುಂಬೈಯಿಂದಲೇ ಆರಂಭಿಸಿತು. ಗಾಯಕ ಬ್ರೂಸ್ ಡಿಕಿನ್ಸನ್ ತಾನೇ ವಿಮಾನ ಚಲಾಯಿಸಿಕೊಂಡು ಬಂದ ಆ ಯಾನ 2009ರಲ್ಲಿ ಸಾಕ್ಷ್ಯಚಿತ್ರವೂ ಆಯಿತು. ಭಾರತ ಮೆಟಲ್ ಭೂಪಟದ ಮೇಲೆ ಬಂದದ್ದು ಹೀಗೆ.

ಒಂದು ರಾತ್ರಿಯ ಊರು

ಅಭಿಮಾನಿಗಳ ನೆನಪುಗಳನ್ನು ಗಮನವಿಟ್ಟು ಕೇಳಿದರೆ ಒಂದು ಅಂಶ ಎದ್ದು ಕಾಣುತ್ತದೆ. ಅವುಗಳಲ್ಲಿ ಸಂಗೀತದಷ್ಟೇ ಪಾಲು ಮೈದಾನದ್ದು. ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತ ಸಾಲು, ಗೇಟಿನಲ್ಲಿ ಕಸಿದುಕೊಂಡ ನೀರಿನ ಬಾಟಲಿ ಮತ್ತು ಬೆಲ್ಟು, ಒಳಗೆ ಸಿಕ್ಕಾಪಟ್ಟೆ ದುಬಾರಿಯಾದ ನೀರು, ಬಿದ್ದವನನ್ನು ಕೈಹಿಡಿದು ಎತ್ತಿದ ಅಪರಿಚಿತ. ಮುಗಿದ ಮೇಲೆ ಬಸ್ಸು ಸಿಗದೆ ಮೆಜೆಸ್ಟಿಕ್‌ವರೆಗೆ ಗುಂಪುಗುಂಪಾಗಿ ನಡೆದು, ಅಲ್ಲಿಂದ ಹುಬ್ಬಳ್ಳಿಗೋ ಮಂಗಳೂರಿಗೋ ರಾತ್ರಿ ಬಸ್ಸು ಹಿಡಿದದ್ದು. ದೂರದವರಿಗೂ, ಕಿಸೆ ಹಗುರವಾಗಿದ್ದವರಿಗೂ ಇದು ಸಾಧ್ಯವಾದದ್ದು ಮೈದಾನ ನಗರದ ನಡುವಿನಲ್ಲಿದ್ದುದರಿಂದ.

ಆದರೆ ಅದು ಒಂದು ರಾತ್ರಿಯ ಊರು. ಅರಮನೆಯ 472 ಎಕರೆಗಳ ಒಡೆತನದ ವಿವಾದ 1996ರ ಸ್ವಾಧೀನ ಕಾಯ್ದೆಯಿಂದ ಆರಂಭಿಸಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ದಶಕಗಳ ಕಾಲ ನಡೆಯಿತು. ಶಾಶ್ವತ ಸಂಗೀತ ಮಂಟಪವೊಂದು ಅಲ್ಲಿ ಏಳುವ ಮಾತೇ ಇರಲಿಲ್ಲ. ವೇದಿಕೆ, ತಡೆಬೇಲಿ, ಶೌಚಾಲಯ, ದೀಪ, ಎಲ್ಲವೂ ಬಾಡಿಗೆಯವು. ಬೆಳಗಾದರೆ ಲಾರಿ ಏರುವಂಥವು. ಯಾವ ಗೇಟಿನಲ್ಲಿ ನೂಕುನುಗ್ಗಲಾಯಿತು, ಯಾವ ಮೂಲೆಯಲ್ಲಿ ಕತ್ತಲಿತ್ತು, ಆಂಬುಲೆನ್ಸ್ ಎಲ್ಲಿ ಸಿಕ್ಕಿಕೊಂಡಿತು ಎಂಬ ಅರಿವು ಮುಂದಿನ ಕಾರ್ಯಕ್ರಮಕ್ಕೆ ದಾಟಲು ಒಂದು ಸಂಸ್ಥೆ ಬೇಕು. ಅಂಥ ಸಂಸ್ಥೆ ಹುಟ್ಟಲಿಲ್ಲ. ಪ್ರತಿ ಸಲವೂ ಹೊಸ ಆಯೋಜಕರು, ಹೊಸ ಅನುಮತಿ, ಹೊಸ ತಪ್ಪುಗಳು.

ಇದೇ ನಗರದ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಆವರಣವನ್ನು ಹೋಲಿಸಿ ನೋಡಬಹುದು. 1939ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವಕ್ಕೆ ದಶಕಗಳಿಂದ ಒಂದು ನೆಲೆಯಿದೆ. ಕೇಳುಗರಿಗೆ ದಾರಿ ಗೊತ್ತು, ಪೊಲೀಸರಿಗೆ ಸಂದಣಿಯ ಅಳತೆ ಗೊತ್ತು, ಸುತ್ತಲಿನ ಅಂಗಡಿಯವನಿಗೂ ಹೊತ್ತು ಗೊತ್ತು. ರಾಕ್ ಸಂಗೀತದ ಗದ್ದಲ ಬೇರೆ, ಗಾತ್ರ ಬೇರೆ ಎಂಬುದು ನಿಜ. ಆದರೆ ನೆಲೆಯೊಂದಿದ್ದರೆ ಅನುಭವ ಕೂಡಿಬರುತ್ತದೆ ಎಂಬ ತತ್ವ ಎರಡಕ್ಕೂ ಒಂದೇ.

ಅಪಾಯ ಎಲ್ಲಿದೆ?

ಮೆಟಲ್ ಕಾರ್ಯಕ್ರಮ ಎಂದೊಡನೆ ಅಧಿಕಾರಿಗಳ ಕಣ್ಣಿಗೆ ಬೀಳುವುದು ಕಪ್ಪು ಅಂಗಿ, ಉದ್ದ ಕೂದಲು ಮತ್ತು ಪರಸ್ಪರ ಢಿಕ್ಕಿ ಹೊಡೆದು ಕುಣಿಯುವ ಹುಡುಗರು. ಅಪಾಯ ಅಲ್ಲಿದೆ ಎಂಬುದು ಸಾಮಾನ್ಯ ನಂಬಿಕೆ. ಘಟನೆಗಳು ಬೇರೆಯದನ್ನೇ ಹೇಳುತ್ತವೆ.

2011ರ ಅಕ್ಟೋಬರ್ 28ರಂದು ಮೆಟಾಲಿಕಾ ಹರಿಯಾಣದ ಗುಡಗಾಂವ್‌ನಲ್ಲಿ ನುಡಿಸಬೇಕಿತ್ತು. ವೇದಿಕೆಯ ಮುಂದಿನ ತಡೆಬೇಲಿ ತಾಳಲಿಲ್ಲ. ಕಾರ್ಯಕ್ರಮವನ್ನು ಮೊದಲು ಮುಂದೂಡಿ, ಕೊನೆಗೆ ರದ್ದುಪಡಿಸಲಾಯಿತು. ಕೆರಳಿದ ಪ್ರೇಕ್ಷಕರು ವೇದಿಕೆಗೆ ನುಗ್ಗಿ ಉಪಕರಣಗಳನ್ನು ಹಾಳುಗೆಡವಿದರು. ಆಯೋಜಕರ ಕಡೆಯವರ ಬಂಧನವೂ ಆಯಿತು. ಎರಡೇ ದಿನಗಳ ನಂತರ ಬೆಂಗಳೂರಿನಲ್ಲಿ ಅದೇ ತಂಡ ಪೂರ್ಣ ಕಾರ್ಯಕ್ರಮ ನೀಡಿತು. ತಂಡ ಒಂದೇ, ಅಭಿಮಾನಿಗಳ ಸ್ವಭಾವವೂ ಒಂದೇ. ಒಂದೆಡೆ ಬೇಲಿ ಬಿದ್ದಿತು, ಇನ್ನೊಂದೆಡೆ ಕಾರ್ಯಕ್ರಮ ನಡೆಯಿತು ಎಂಬುದಷ್ಟೇ ವ್ಯತ್ಯಾಸ.

2023ರ ನವೆಂಬರ್‌ನಲ್ಲಿ ಕೊಚ್ಚಿಯ ವಿಶ್ವವಿದ್ಯಾಲಯದ ಉತ್ಸವವೊಂದರಲ್ಲಿ ನಾಲ್ವರು ಸತ್ತದ್ದು ಸಭಾಂಗಣದ ಪ್ರವೇಶದ ಬಳಿ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲೂ ಸಾವು ಸಂಭವಿಸಿದ್ದು ಗೇಟುಗಳ ಹೊರಗೆ, ಉಚಿತ ಪ್ರವೇಶವಿದೆಯೇ ಪಾಸು ಬೇಕೇ ಎಂಬ ಗೊಂದಲದ ನಡುವೆ. ಎರಡೂ ಕಡೆ ಕೊಂದದ್ದು ಸಂಗೀತವಲ್ಲ, ಕುಣಿತವೂ ಅಲ್ಲ. ಎಷ್ಟು ಜನ, ಯಾವ ಬಾಗಿಲಿನಿಂದ, ಎಷ್ಟು ಹೊತ್ತಿಗೆ ಎಂಬ ಲೆಕ್ಕ ತಪ್ಪಿದ್ದು.

ಡೆನ್ಮಾರ್ಕ್‌ನ ರೊಸ್ಕಿಲ್ಡೆ ಉತ್ಸವದಲ್ಲಿ 2000ನೇ ಇಸವಿಯ ಜೂನ್ 30ರಂದು ಪರ್ಲ್ ಜಾಮ್ ತಂಡ ನುಡಿಸುತ್ತಿದ್ದಾಗ ಮುಂಭಾಗದ ಒತ್ತಡಕ್ಕೆ ಸಿಲುಕಿ ಒಂಬತ್ತು ಯುವಕರು ಸತ್ತರು. ಆ ದೇಶ ಉತ್ಸವವನ್ನು ನಿಲ್ಲಿಸಲಿಲ್ಲ. ವೇದಿಕೆಯ ಮುಂದಿನ ಜಾಗವನ್ನು ಬೇಲಿಗಳಿಂದ ಭಾಗ ಮಾಡಿ, ಪ್ರತಿ ಭಾಗಕ್ಕೂ ಜನಸಂಖ್ಯೆಯ ಮಿತಿ ಹಾಕಲಾಯಿತು. ಹಿಂದಿನವರ ಒತ್ತಡ ಮುಂದಿನವರ ಎದೆಯ ಮೇಲೆ ಬೀಳದಂತೆ ತಡೆಯುವುದು ಇದರ ಉದ್ದೇಶ. ಉತ್ಸವ ಇಂದಿಗೂ ಅದೇ ಊರಿನಲ್ಲಿ ನಡೆಯುತ್ತಿದೆ. ದುರಂತದಿಂದ ಪಾಠ ಕಲಿಯುವುದೆಂದರೆ ಇದು.

ಊರಾಚೆಗೆ ಹೋದ ಸಂಗೀತ

ಬೆಂಗಳೂರು ಬೇರೆ ದಾರಿ ಹಿಡಿಯಿತು. 2012ರಲ್ಲಿ ಸ್ಲೇಯರ್ ಮತ್ತು ಗನ್ಸ್ ಎನ್ ರೋಸಸ್ ಬಂದಾಗ ಕಾರ್ಯಕ್ರಮಗಳು ನಗರದ ಉತ್ತರ ಅಂಚಿನ ಭಾರತೀಯ ಸಿಟಿಗೆ ಹೋಗಿದ್ದವು. 2025ರ ಫೆಬ್ರುವರಿಯಲ್ಲಿ ಎಡ್ ಶೀರನ್ ಹಾಡಿದ್ದು ತುಮಕೂರು ರಸ್ತೆಯ ಮಾದಾವರದ ಬಳಿ. ಅಲ್ಲಿಗೆ 2024ರ ನವೆಂಬರ್‌ನಲ್ಲಿ ಮೆಟ್ರೊ ತಲುಪಿದ್ದು ಸಮಾಧಾನದ ವಿಷಯ. ಆದರೆ ಇದೇ ಶೀರನ್ ಚರ್ಚ್ ಸ್ಟ್ರೀಟ್‌ನ ಪಾದಚಾರಿ ಮಾರ್ಗದಲ್ಲಿ ಹಾಡಲು ನಿಂತಾಗ ಪೊಲೀಸರು ಹಾಡಿನ ನಡುವೆಯೇ ಧ್ವನಿವರ್ಧಕದ ತಂತಿ ಕಿತ್ತರು. ಅನುಮತಿ ಇತ್ತೆಂದು ಗಾಯಕ ಹೇಳಿದ, ಇರಲಿಲ್ಲವೆಂದು ಪೊಲೀಸರು ಹೇಳಿದರು. ಶೀರನ್ ರಾಕ್ ಗಾಯಕನಲ್ಲ. ಆದರೂ ಆ ದೃಶ್ಯವನ್ನು ಕಂಡು ಬೆಂಗಳೂರಿನ ವಾದ್ಯಗಾರರು ಅಚ್ಚರಿಪಟ್ಟಿರಲಾರರು. ಅವರಿಗೆ ಅದು ಹಳೆಯ ಕಥೆ.

ಆ ಕಥೆಯಲ್ಲಿ ಒಂದು ಶಬ್ದದ ಪಾತ್ರವೂ ಇದೆ. ಕನ್ನಡ ಪತ್ರಿಕೆಗಳ ಓದುಗರಿಗೆ ಎರಡು ದಶಕಗಳ ಹಿಂದೆ 'ಲೈವ್ ಬ್ಯಾಂಡ್' ಎಂದರೆ ಬಾರ್‌ಗಳಲ್ಲಿ ಯುವತಿಯರ ನೃತ್ಯ ಎಂದೇ ಅರ್ಥವಾಗಿತ್ತು. ಅವುಗಳ ನಿಯಂತ್ರಣಕ್ಕೆಂದು ಬಂದ 2005ರ ಪರವಾನಗಿ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆ ಬಳಿಕ ಅದೇ ಆದೇಶದ ಬಿಸಿ ಗಿಟಾರ್ ನುಡಿಸುವ ಹುಡುಗರಿಗೂ ತಟ್ಟಿತು. ಪರವಾನಗಿಯಿಲ್ಲದ ಪಬ್ಬುಗಳಲ್ಲಿ ಸಂಗೀತವೇ ನಿಂತಿತು. ಇಂದಿರಾನಗರದ ನಿವಾಸಿಗಳ ನಿದ್ರೆಯ ಹಕ್ಕೂ ಇಲ್ಲಿ ಇದೆ ಎಂಬುದನ್ನು ಮರೆಯುವಂತಿಲ್ಲ. ರಾತ್ರಿ ಹತ್ತರ ನಂತರದ ಸದ್ದಿಗೆ ಕಾನೂನಿನ ಮಿತಿ ಇರಬೇಕಾದದ್ದೇ. ಆದರೆ ಸದ್ದನ್ನು ಅಳೆಯುವ ಕಾನೂನು ಬೇರೆ, ನೃತ್ಯದ ಬಾರಿಗೆ ಬರೆದ ಕಾನೂನನ್ನು ಸಂಗೀತಕ್ಕೆ ತೊಡಿಸುವುದು ಬೇರೆ.

ಸಣ್ಣ ವೇದಿಕೆಗಳಿಲ್ಲದೆ ದೊಡ್ಡ ವೇದಿಕೆಗೆ ಏರುವವರು ಹುಟ್ಟುವುದಿಲ್ಲ. 1998ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕ್ರಿಪ್ಟೋಸ್ ತಂಡ ಕಾಲೇಜು ಅಂಗಳ, ಪಬ್ಬುಗಳನ್ನು ದಾಟಿ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವ ತಲುಪಿತು. ಎರಡು ಸಾವಿರದಷ್ಟು ಜನಸಂಖ್ಯೆಯ ಆ ಹಳ್ಳಿಗೆ ಪ್ರತಿ ಬೇಸಿಗೆಯಲ್ಲಿ ಎಂಬತ್ತು ಸಾವಿರದಷ್ಟು ಮೆಟಲ್ ಅಭಿಮಾನಿಗಳು ಬರುತ್ತಾರೆ. ಅದರ ಪ್ರೇರಣೆಯಿಂದ 2012ರಲ್ಲಿ ಇಲ್ಲಿ ಆರಂಭವಾದ ಬೆಂಗಳೂರು ಓಪನ್ ಏರ್ ಉತ್ಸವ ಅಭಿಮಾನಿಗಳ ಹಠದಿಂದಲೇ ಬೆಳೆಯಿತು. ಹಳ್ಳಿಯೊಂದು ಮಾಡಬಲ್ಲದ್ದನ್ನು ಕೋಟಿ ಜನರ ರಾಜಧಾನಿ ಮಾಡಲಾರದೆಂದರೆ ಕೊರತೆ ಜಾಗದ್ದಲ್ಲ, ಮನಸ್ಸಿನದು.

ಮುಂದೇನು?

ಆಯೋಜಕರನ್ನು ಹೊಣೆಗಾರರನ್ನಾಗಿಸುವ ಕಾನೂನು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಶಿಕ್ಷೆ ದುರಂತದ ನಂತರ ಬರುವಂಥದು. ಮೊದಲೇ ಬೇಕಾದದ್ದು ಬೇರೆ: ಎಷ್ಟು ಬಾಗಿಲುಗಳಿವೆ, ಎಷ್ಟು ಜನ ಹಿಡಿಯುತ್ತಾರೆ, ಕೊನೆಯ ಬಸ್ಸು ಮತ್ತು ಮೆಟ್ರೊ ಎಷ್ಟು ಹೊತ್ತಿಗೆ ಎಂಬುದು ಮುಂಚಿತವಾಗಿ ನಿಗದಿಯಾಗಿರುವ ಒಂದು ಶಾಶ್ವತ ಸಾರ್ವಜನಿಕ ಮೈದಾನ, ಮತ್ತು ಒಂದೇ ಕಿಟಕಿಯಲ್ಲಿ ಸಿಗುವ ಅನುಮತಿ. ಕಾರ್ಯಕ್ರಮ ತಡವಾದರೆ ಪ್ರೇಕ್ಷಕರಿಗೆ ತಕ್ಷಣ ತಿಳಿಸುವುದು, ಕುಡಿಯುವ ನೀರನ್ನು ಉಚಿತವಾಗಿ ಕೊಡುವುದು, ಟಿಕೆಟ್ ಹಣ ಮರಳಿಸುವುದು, ಇವು ಅನುಮತಿಯ ಷರತ್ತುಗಳಾಗಬೇಕು. ಜಾತ್ರೆ, ದಸರಾಗಳ ಲಕ್ಷಾಂತರ ಜನರನ್ನು ತಲೆಮಾರುಗಳಿಂದ ಸಂಭಾಳಿಸಿದ ರಾಜ್ಯಕ್ಕೆ ಇದು ಅಸಾಧ್ಯವೇನಲ್ಲ.

ಐರನ್ ಮೇಡನ್ 2009ರ ನಂತರ ಬೆಂಗಳೂರಿನಲ್ಲಿ ನುಡಿಸಿಲ್ಲ. ಅಂದು ಮೈದಾನದಲ್ಲಿದ್ದವರ ಮಕ್ಕಳು ಈಗ ಗಿಟಾರ್ ಕಲಿಯುವ ವಯಸ್ಸಿಗೆ ಬರುತ್ತಿದ್ದಾರೆ. ಅವರಿಗೆ ತಂದೆತಾಯಿಯರು ತೋರಿಸಬಹುದಾದದ್ದು ಮಾಸಿದ ಕಪ್ಪು ಟೀ ಶರ್ಟು ಮತ್ತು ಅಕ್ಷರ ಅಳಿಸಿದ ಟಿಕೆಟ್ ಚೂರು. ಆ ಮಕ್ಕಳು ಮೊದಲ ಬಾರಿ ಸಾಲಿನಲ್ಲಿ ನಿಲ್ಲುವ ದಿನ, ಬಾಗಿಲು ಯಾವುದೆಂದು ಅವರಿಗೆ ಸ್ಪಷ್ಟವಾಗಿ ತಿಳಿದಿರುವಂತೆ ಮಾಡುವುದು ನಗರದ ಹೊಣೆ.