ಶಾಲೆಯ ಮುಂದಿನ ಕ್ಯಾಮೆರಾ ನಮ್ಮೂರಿಗೂ ಬೇಕು

ಹಾಫ್‌ಮನ್ ಎಸ್ಟೇಟ್ಸ್, ಶಾಂಬರ್ಗ್ ಕಡೆಯ ಕುಟುಂಬಗಳು ದಿನಸಿಗೆಂದು ಡೆವಾನ್ ಅವೆನ್ಯೂಗೆ ಹೋಗಿಬಂದ ಮೇಲೆ ಶಿಕಾಗೊ ನಗರಾಡಳಿತದ ಲಕೋಟೆಯೊಂದು ಮನೆಗೆ ಬರುವುದುಂಟು. ವಾರೆನ್ ಪಾರ್ಕಿಗೆ ತಾಗಿದ ವೆಸ್ಟರ್ನ್ ಅವೆನ್ಯೂನಲ್ಲಿ ಕಾರಿನ ನಂಬರ್ ಪ್ಲೇಟು ಕ್ಯಾಮೆರಾ ಕಣ್ಣಿಗೆ ಬಿದ್ದಿರುತ್ತದೆ. ವೇಗದ ಮಿತಿಗಿಂತ 6ರಿಂದ 10 ಮೈಲಿ ಹೆಚ್ಚಿದ್ದರೆ 35 ಡಾಲರ್, 11 ಮೈಲಿ ಅಥವಾ ಅದಕ್ಕೂ ಮೇಲಾದರೆ 100 ಡಾಲರ್ ದಂಡ. ಆಗ ಕೇಳಿಬರುವ ಮಾತು ಎರಡು. ಇದು ಖಜಾನೆ ತುಂಬಿಸಿಕೊಳ್ಳುವ ದಂಧೆ ಎಂಬ ಸಿಟ್ಟು ಒಂದು; ತಕರಾರು ಯಾಕೆ, ಕಟ್ಟಿ ಕೈತೊಳೆದುಕೊಳ್ಳೋಣ ಎಂಬ ಸುಸ್ತು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಶಾಲೆ, ಪಾರ್ಕುಗಳ ಮುಂದೆ ವೇಗದ ಕ್ಯಾಮೆರಾ ಇರಲೇಬೇಕು; ಶಿಕಾಗೊದಲ್ಲಿರುವಂತೆ ನಮ್ಮ ಉಪನಗರಗಳಲ್ಲೂ ಇರಬೇಕು. ಆದರೆ ಟಿಕೆಟ್ ಪಡೆದವರು ಅದನ್ನು ಸಾಕ್ಷಿಯೊಂದಿಗೆ ತಾಳೆ ನೋಡಲು ಸಾಧ್ಯವಿರುವಷ್ಟು ಕಾಲ ಮಾತ್ರ ಕ್ಯಾಮೆರಾಕ್ಕೆ ದಂಡ ಕೇಳುವ ಹಕ್ಕಿದೆ.

ಆರು ಮೈಲಿ ಹೆಚ್ಚಾದರೆ ಏನು ಮಹಾ ಎನ್ನುವವರು ಒಂದು ಲೆಕ್ಕವನ್ನು ನೋಡಬೇಕು. ರಸ್ತೆ ಸುರಕ್ಷತೆಯ ಸಂಸ್ಥೆ ಎಎಎ ಫೌಂಡೇಶನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಂಟೆಗೆ 23 ಮೈಲಿ ವೇಗದ ವಾಹನ ಗುದ್ದಿದರೆ ಪಾದಚಾರಿ ಸಾಯುವ ಸಂಭವ ಸರಾಸರಿ ಶೇ 10. 32 ಮೈಲಿಯಲ್ಲಿ ಅದು ಶೇ 25, 42 ಮೈಲಿಯಲ್ಲಿ ಶೇ 50. ಅಂದರೆ 30 ಮೈಲಿ ಮಿತಿಯ ರಸ್ತೆಯಲ್ಲಿ 36, 38 ಎಂದು ಓಡಿಸುವವರು ಸಾವಿನ ಸಂಭವ ಬಲುಬೇಗ ಏರುವ ಜಾಗದಲ್ಲೇ ಇದ್ದಾರೆ. ಕ್ಯಾಮೆರಾದಿಂದ ಇದು ಇಳಿಯುತ್ತದೆಯೇ? ಜಗತ್ತಿನ ನಾನಾ ಕಡೆಯ 35 ಅಧ್ಯಯನಗಳನ್ನು ಪರಿಶೀಲಿಸಿದ 2010ರ ಕಾಕ್ರೇನ್ ವಿಮರ್ಶೆ, ಕ್ಯಾಮೆರಾ ಇರುವಲ್ಲಿ ಸಾವು ಮತ್ತು ತೀವ್ರ ಗಾಯದ ಅಪಘಾತಗಳು ಶೇ 11ರಿಂದ ಶೇ 44ರವರೆಗೆ ಕಡಿಮೆಯಾದದ್ದನ್ನು ಕಂಡಿತು. ಶಿಕಾಗೊದ ಕ್ಯಾಮೆರಾಗಳನ್ನೇ ಅಭ್ಯಸಿಸಿದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಕೊಟ್ಟ ಅಂದಾಜು ಶೇ 15. ನೂರಕ್ಕೆ ಹದಿನೈದು ಎಂಬುದು ಪವಾಡವಲ್ಲ. ಆದರೆ ಆ ಹದಿನೈದರಲ್ಲಿ ಶಾಲೆಗೆ ಹೊರಟ ಒಂದು ಮಗುವಿದ್ದರೂ 35 ಡಾಲರ್ ದುಬಾರಿಯಲ್ಲ.

ಹಾಗಿದ್ದರೂ ಜನರಿಗೆ ನಂಬಿಕೆ ಬಂದಿಲ್ಲ, ಅದಕ್ಕೆ ನಗರವೇ ಹೊಣೆ. 2012ರಲ್ಲಿ ರಾಜ್ಯದ ಕಾನೂನು ಬಂತು, 2013ರ ಅಕ್ಟೋಬರ್‌ನಲ್ಲಿ ಟಿಕೆಟ್ ಕೊಡುವುದು ಶುರುವಾಯಿತು. ಮೊದಲ ವರ್ಷಗಳಲ್ಲಿ 10 ಮೈಲಿಯವರೆಗೆ ಇದ್ದ ಸಡಿಲವನ್ನು ಮೇಯರ್ ಲೋರಿ ಲೈಟ್‌ಫುಟ್ ಆಡಳಿತ 2021ರ ಮಾರ್ಚ್ 1ರಿಂದ 6 ಮೈಲಿಗೆ ಬಿಗಿ ಮಾಡಿತು. ಅದನ್ನು ರದ್ದುಮಾಡಬೇಕೆಂದು ಆಲ್ಡರ್‌ಮನ್ (ನಗರಸಭಾ ಸದಸ್ಯ) ಆಂಥನಿ ಬೀಲ್ ತಂದ ಪ್ರಸ್ತಾವ 2022ರ ಜುಲೈನಲ್ಲಿ 26–18 ಮತಗಳಿಂದ ಬಿದ್ದುಹೋಯಿತು. ಆ ಚರ್ಚೆಯುದ್ದಕ್ಕೂ ಮಕ್ಕಳ ಸುರಕ್ಷತೆಯ ಜತೆಜತೆಗೇ ಬಜೆಟ್‌ನಲ್ಲಿ ಬೀಳುವ ಹಳ್ಳದ ಮಾತೂ ಬಂತು, ಅನುಮಾನ ಅಲ್ಲಿಂದಲೇ ಬೆಳೆಯಿತು. ಹಿಂದಿನ ದಾಖಲೆಯೂ ಶೋಭೆ ತರುವಂಥದ್ದಲ್ಲ. ಕೆಂಪುದೀಪದ ಕ್ಯಾಮೆರಾ ಗುತ್ತಿಗೆಯಲ್ಲಿ ಲಂಚ ತಿಂದ ನಗರದ ಅಧಿಕಾರಿ ಜಾನ್ ಬಿಲ್ಸ್‌ಗೆ 2016ರಲ್ಲಿ 10 ವರ್ಷ ಸೆರೆವಾಸವಾಯಿತು. ಪಾರ್ಕು ಮುಚ್ಚಿದ ಹೊತ್ತಿನಲ್ಲಿ, ಮಗುವೇ ಕಾಣದ ಶಾಲೆಯ ಮುಂದೆ, ಸೂಚನಾ ಫಲಕವೇ ಸರಿಯಿಲ್ಲದ ಕಡೆ ವೇಗದ ಟಿಕೆಟ್ ಕೊಟ್ಟದ್ದನ್ನು ಶಿಕಾಗೊ ಟ್ರಿಬ್ಯೂನ್ 2015ರಲ್ಲಿ ಬಯಲು ಮಾಡಿತು. ಎರಡನೇ ನೋಟಿಸ್ ಕಳಿಸದೆ, ಗಡುವಿಗೆ ಮೊದಲೇ ದಂಡ ದುಪ್ಪಟ್ಟು ಮಾಡಿದ ಮೊಕದ್ದಮೆಯಲ್ಲಿ ನಗರ 2017ರಲ್ಲಿ 3.875 ಕೋಟಿ ಡಾಲರ್‌ಗೆ ರಾಜಿಯಾಯಿತು.

ಇಷ್ಟೆಲ್ಲ ಆದ ಮೇಲೂ ಕ್ಯಾಮೆರಾ ಬೇಕೆನ್ನುವುದು ಹೇಗೆ ಎಂದು ಕೇಳಬಹುದು. ತಪ್ಪು ಟಿಕೆಟ್‌ಗಳು ಬಯಲಾದದ್ದು ಹೇಗೆಂದು ನೋಡಿ: ಪ್ರತಿಯೊಂದಕ್ಕೂ ಗಂಟೆ, ಜಾಗ, ವೇಗ, ಚಿತ್ರ ದಾಖಲಾಗಿತ್ತು. ರಸ್ತೆಬದಿಯಲ್ಲಿ ಪೊಲೀಸರು ಯಾರನ್ನು ಕಂಡೂ ಕಾಣದಂತೆ ಇದ್ದರು ಎಂಬುದಕ್ಕೆ ಇಂಥ ಲೆಕ್ಕ ಸಿಗುವುದಿಲ್ಲ. ಚರ್ಮದ ಬಣ್ಣ, ಉಚ್ಚಾರಣೆ ನೋಡಿ ನಡವಳಿಕೆ ಬದಲಾಗಬಹುದೆಂಬ ಅಳುಕು ವಲಸಿಗರಿಗೆ ಚೆನ್ನಾಗಿ ಗೊತ್ತು. ರೇಡಾರಿಗೆ ಆ ಭೇದವಿಲ್ಲ.

ಆದ್ದರಿಂದಲೇ ನೋಡದೆ ಕಟ್ಟುವ ಅಭ್ಯಾಸವನ್ನು ನಾನು ವಿರೋಧಿಸುತ್ತೇನೆ. ನೋಟಿಸ್‌ನಲ್ಲಿರುವ ಟಿಕೆಟ್ ಸಂಖ್ಯೆ ಮತ್ತು ನಂಬರ್ ಪ್ಲೇಟ್ ಹಾಕಿದರೆ ನಗರದ ತಾಣದಲ್ಲಿ ಚಿತ್ರಗಳೂ ವಿಡಿಯೊವೂ ತೆರೆದುಕೊಳ್ಳುತ್ತವೆ. ಪ್ಲೇಟು ನಿಮ್ಮದೇ, ಗಂಟೆ ಸರಿಯಿದೆಯೇ ನೋಡಿ. ಶಾಲಾ ವಲಯದ ಕ್ಯಾಮೆರಾ ನಡೆಯುವುದು ಶಾಲೆಯಿರುವ ದಿನ ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ. 20 ಮೈಲಿ ಮಿತಿ ಅನ್ವಯಿಸುವುದು ಸಂಜೆ 4 ಗಂಟೆಯೊಳಗೆ, ಅದೂ ಮಗು ಕಾಣುತ್ತಿದ್ದರೆ. ಮಗು ಚಿತ್ರದಲ್ಲಿ ಇಲ್ಲದಿದ್ದರೆ ಆ ಟಿಕೆಟ್ ನಿಲ್ಲಬಾರದು. ಕಾರು ಕಳುವಾಗಿತ್ತು, ಆ ದಿನ ನಿಮ್ಮ ಹೆಸರಿನಲ್ಲಿರಲಿಲ್ಲ, ಅದೇ ತಪ್ಪಿಗೆ ಪೊಲೀಸರು ಆಗಲೇ ಟಿಕೆಟ್ ಕೊಟ್ಟಿದ್ದಾರೆ, ಇವೆಲ್ಲ ಒಪ್ಪಬಹುದಾದ ಕಾರಣಗಳು. ಓಡಿಸಿದ್ದು ನಾನಲ್ಲ, ಮಗ ಎನ್ನುವುದು ನಡೆಯದು; ದಂಡ ಕಾರಿನ ಒಡೆಯರ ಮೇಲೆಯೇ. ತಕರಾರನ್ನು ಅಂಚೆಯಲ್ಲಿ ಬರೆದು ಕಳಿಸಬಹುದು, ವಿಚಾರಣೆಗೆ ಹೋಗಲೂಬಹುದು. ತೀರ್ಪು ಒಪ್ಪಿಗೆಯಾಗದಿದ್ದರೆ 35 ದಿನದೊಳಗೆ ಕುಕ್ ಕೌಂಟಿಯ ಸರ್ಕ್ಯೂಟ್ ಕೋರ್ಟ್ ಇದೆ. ವೀಸಾ, ಗ್ರೀನ್ ಕಾರ್ಡ್ ಎಂದು ಹೆದರಿ ಬಾಯಿಮುಚ್ಚುವವರು ತಿಳಿಯಬೇಕಾದದ್ದು, ಇದು ಸಿವಿಲ್ ದಂಡ, ಅಪರಾಧದ ಶಿಕ್ಷೆಯಲ್ಲ. ಚಾಲನಾ ದಾಖಲೆಗೂ ಏರುವುದಿಲ್ಲ. ಸುಮ್ಮನೆ ಬಿಟ್ಟರೆ ಮಾತ್ರ 35 ಎಪ್ಪತ್ತಾಗುತ್ತದೆ, 100 ಇನ್ನೂರಾಗುತ್ತದೆ. ವಿಡಿಯೊದಲ್ಲಿ ತಪ್ಪು ನಮ್ಮದೇ ಎಂದು ಕಂಡರೆ ಗಡುವಿನೊಳಗೆ ಕಟ್ಟಬೇಕು, ನಗರದ ಮೇಲೆ ಸಿಟ್ಟಾಗಬಾರದು.

ಇನ್ನೊಂದು ಆಕ್ಷೇಪವಿದೆ, ಅದು ನಿಜವಾಗಿಯೂ ಗಟ್ಟಿಯಾದದ್ದು. 2015ರಿಂದ 2019ರವರೆಗಿನ ಟಿಕೆಟ್‌ಗಳನ್ನು ವಿಶ್ಲೇಷಿಸಿದ ತನಿಖಾ ಸುದ್ದಿಸಂಸ್ಥೆ ಪ್ರೊಪಬ್ಲಿಕಾ, ಕಪ್ಪು ಮತ್ತು ಹಿಸ್ಪಾನಿಕ್ ಜನ ಹೆಚ್ಚಿರುವ ಪಿನ್‌ಕೋಡ್‌ಗಳ ಮನೆಗಳಿಗೆ ಬಿಳಿಯರ ಪ್ರದೇಶದವರ ಸುಮಾರು ಎರಡರಷ್ಟು ಪ್ರಮಾಣದಲ್ಲಿ ಟಿಕೆಟ್ ಹೋದದ್ದನ್ನು ತೋರಿಸಿತು. ರೇಡಾರಿಗೆ ಭೇದವಿಲ್ಲವೆಂದು ಈಗಷ್ಟೇ ಹೇಳಿದೆ. ಆದರೆ ರಸ್ತೆಗೆ ಇದೆ. ಆ ಪ್ರದೇಶಗಳ ಎಷ್ಟೋ ರಸ್ತೆಗಳು ನಾಲ್ಕು ಲೇನಿನವು, ಕಾಲುದಾರಿ, ಮರ, ಅಂಗಡಿಸಾಲು ಕಡಿಮೆಯಿದ್ದು ಕಾಲನ್ನು ತಾನಾಗಿ ಆಕ್ಸಿಲರೇಟರ್ ಮೇಲೆ ಒತ್ತಿಸುವಂಥವು. ರಸ್ತೆ ಓಡು ಎನ್ನುತ್ತದೆ, ಕ್ಯಾಮೆರಾ ದಂಡ ಹಾಕುತ್ತದೆ. ಈ ಅನ್ಯಾಯಕ್ಕೆ ಮದ್ದು ಕ್ಯಾಮೆರಾ ಕಿತ್ತುಹಾಕುವುದಲ್ಲ, ಏಕೆಂದರೆ ಆ ರಸ್ತೆಗಳನ್ನು ದಾಟಬೇಕಾದವರೂ ಅಲ್ಲಿನ ಮಕ್ಕಳೇ. ದಂಡದ ಹಣವನ್ನು ಅದೇ ರಸ್ತೆ ಕಿರಿದಾಗಿಸಲು, ನಡುವೆ ಪಾದಚಾರಿಗಳು ನಿಲ್ಲುವ ದಿಬ್ಬ ಕಟ್ಟಲು ಸುರಿಯಬೇಕು.

ನಮ್ಮೂರಿನ ಸ್ಥಿತಿ ಇದಕ್ಕಿಂತ ಭಿನ್ನವೇನಲ್ಲ. ಹಾಫ್‌ಮನ್ ಎಸ್ಟೇಟ್ಸ್ ಹೈಸ್ಕೂಲು ಇರುವುದು ಅಗಲವಾದ ಹಿಗ್ಗಿನ್ಸ್ ರೋಡ್ ಮೇಲೆ. ಆದರೆ ಇಲಿನಾಯ್ ಕಾನೂನು ವೇಗದ ಕ್ಯಾಮೆರಾಕ್ಕೆ ಅನುಮತಿ ಕೊಟ್ಟಿರುವುದು 10 ಲಕ್ಷ ಜನಸಂಖ್ಯೆ ಮೀರಿದ ನಗರಕ್ಕೆ, ಅಂದರೆ ಶಿಕಾಗೊ ಒಂದಕ್ಕೇ. ಸುಮಾರು 52 ಸಾವಿರ ಜನರ ನಮ್ಮ ಊರಿನಲ್ಲಿ ಶಾಲಾ ವಲಯದ 20 ಮೈಲಿ ಮಿತಿಯನ್ನು ಕಾಯುವುದು ಪೊಲೀಸ್ ಕಾರು ಮಾತ್ರ. ಸಿಕ್ಕಿಬಿದ್ದರೆ ಮೊದಲ ಸಲಕ್ಕೇ ಕನಿಷ್ಠ 150 ಡಾಲರ್, ಸಿಕ್ಕಿಬೀಳುವುದೇ ಅಪರೂಪ. ದೊಡ್ಡ ದಂಡಕ್ಕಿಂತ ತಪ್ಪದೆ ಬೀಳುವ ಸಣ್ಣ ದಂಡ ಹೆಚ್ಚು ಕೆಲಸ ಮಾಡುತ್ತದೆ. ದಂಡ ಬಾಕಿಯಾಗಿ ಕೊಳೆತರೆ ಏನಾಗುತ್ತದೆಂಬುದನ್ನು ಬೆಂಗಳೂರು 2023ರ ಫೆಬ್ರುವರಿಯಲ್ಲಿ ಶೇ 50 ರಿಯಾಯಿತಿ ಕೊಟ್ಟಾಗ ಕಂಡೆವು: ಜನ ಸಾಲುಗಟ್ಟಿ ನಿಂತದ್ದು ಅರ್ಧ ಹಣ ಉಳಿಸಲು.

ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನ ಶಾಸಕರನ್ನು ನಾವು ಕೇಳಬೇಕಾದದ್ದು 10 ಲಕ್ಷದ ಆ ಗೆರೆಯನ್ನು ಅಳಿಸಲು, ಅದರ ಜತೆಗೆ ಶಿಕಾಗೊ ಕಲಿಸಿದ ಪಾಠಗಳನ್ನು ಕಾನೂನಿಗೆ ಸೇರಿಸಲು. ಗುತ್ತಿಗೆ ಕಂಪನಿಗೆ ಟಿಕೆಟ್ ಲೆಕ್ಕದಲ್ಲಿ ಒಂದು ಸೆಂಟೂ ಹೋಗಬಾರದು. ಮೊದಲ ತಪ್ಪಿಗೆ ಎಚ್ಚರಿಕೆ ಸಾಕು. ದಂಡದ ಹಣ ಊರಿನ ಸಾಮಾನ್ಯ ಬಜೆಟ್‌ಗೆ ಸೇರದೆ ಆಯಾ ಶಾಲೆಯ ಮುಂದಿನ ರಸ್ತೆಗೇ ಹೋಗಬೇಕು; ಪ್ರತಿ ಕ್ಯಾಮೆರಾದ ಟಿಕೆಟ್ ಮತ್ತು ಅಪಘಾತದ ಅಂಕಿ ಪ್ರತಿ ವರ್ಷ ಪ್ರಕಟವಾಗಬೇಕು; ಮೂರು ವರ್ಷದಲ್ಲಿ ವೇಗವೂ ಅಪಘಾತವೂ ಇಳಿಯದ ಕಡೆ ಕಂಬವನ್ನು ಕಿತ್ತು ರಸ್ತೆಯನ್ನೇ ತಿದ್ದಬೇಕು.